ಆನರ್ ಸೊಸೈಟಿ ಸೇರಿದರೆ ಸೀಟು ಸಿಗುವುದೇ?

ಮಾನ್ಯರೇ,

ಓದು, ಸೇವೆಗಳಲ್ಲಿ ಮುಂದಿರುವ ಹೈಸ್ಕೂಲು ವಿದ್ಯಾರ್ಥಿಗಳನ್ನು ಗೌರವಿಸುವ ಸಂಘವಾದ ನ್ಯಾಷನಲ್ ಆನರ್ ಸೊಸೈಟಿಗೆ ಸೇರಿದರೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುವುದು ಸುಲಭವೇ? ಅಮೆರಿಕದ ಹೈಸ್ಕೂಲುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗ ತಂದೆತಾಯಂದಿರನ್ನು ಕಾಡುವ ಪ್ರಶ್ನೆ ಇದು. ಬರೀ ಸದಸ್ಯತ್ವದಿಂದ ಆಗುವ ಪ್ರಯೋಜನ ತೀರಾ ಕಡಿಮೆ.

1921ರಲ್ಲಿ ಪ್ರೌಢಶಾಲಾ ಪ್ರಾಂಶುಪಾಲರ ರಾಷ್ಟ್ರೀಯ ಸಂಘ ಆರಂಭಿಸಿದ ಈ ಸೊಸೈಟಿಗೆ 4ಕ್ಕೆ 3.0 ಜಿಪಿಎ (ಸರಾಸರಿ ಅಂಕ) ಕನಿಷ್ಠ ಅರ್ಹತೆ. ಶಾಲೆಗಳು ಇದಕ್ಕಿಂತ ಹೆಚ್ಚು ಕೇಳಬಹುದು. ಸೇವೆ, ನಾಯಕತ್ವ, ನಡತೆಗಳನ್ನೂ ನೋಡಿ ಶಾಲೆಯ ಐವರು ಶಿಕ್ಷಕರ ಸಮಿತಿ ಆಯ್ಕೆ ಮಾಡುತ್ತದೆ. ಇದು ಗೌರವವೇ ಸರಿ. ಆದರೆ ಪೈಪೋಟಿ ಹೆಚ್ಚಿರುವ ಕಾಲೇಜುಗಳಿಗೆ ಅರ್ಜಿ ಹಾಕುವವರಲ್ಲಿ ಬಹುತೇಕರಿಗೆ ಇಷ್ಟು ಅಂಕ ಇದ್ದೇ ಇರುತ್ತದೆ. ಕಾಲೇಜುಗಳು ಪ್ರಕಟಿಸುವ ‘ಕಾಮನ್ ಡೇಟಾ ಸೆಟ್’ನಲ್ಲಿ ಸಿ7 ಎಂಬ ಕೋಷ್ಟಕವಿದೆ. ಪ್ರವೇಶಕ್ಕೆ ಯಾವುದಕ್ಕೆ ಎಷ್ಟು ಬೆಲೆ ಎಂದು ಅಲ್ಲಿ ನಮೂದಿಸಿರುತ್ತಾರೆ. ತೆಗೆದುಕೊಂಡ ಪಠ್ಯಗಳು ಎಷ್ಟು ಕಠಿಣ ಎಂಬುದು ಮೊದಲ ಸಾಲು; ಜಿಪಿಎ, ಪ್ರಬಂಧ, ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ, ಸ್ವಯಂಸೇವೆ ಎಲ್ಲಕ್ಕೂ ಜಾಗವಿದೆ. ಆನರ್ ಸೊಸೈಟಿಗೆ ಪ್ರತ್ಯೇಕ ಸಾಲಿಲ್ಲ. ಹೀಗಿರುವಾಗ ಸೊಸೈಟಿಗೆ ಬೇಕಾದ ಜಿಪಿಎ ಇಳಿದೀತೆಂದು ಹೆದರಿ ಮಗುವಿಗೆ ಎಪಿ ಕೋರ್ಸು (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಠ್ಯ) ಬಿಡಿಸುವುದು ದೊಡ್ಡ ತಪ್ಪು.

ಅರ್ಜಿ ತುಂಬುವಾಗಲೂ ಎಡವುವವರಿದ್ದಾರೆ. ಹಲವು ಕಾಲೇಜುಗಳು ಒಪ್ಪುವ ಒಂದೇ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ ಇರುವುದು 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಗೌರವ, ಪ್ರಶಸ್ತಿಗಳಿಗೆ ಬೇರೆಯಾಗಿ 5 ಜಾಗ. ಸದಸ್ಯತ್ವವನ್ನು ಎರಡೂ ಕಡೆ ಬರೆದರೆ ಒಂದು ಜಾಗ ದಂಡ. ಸುಮ್ಮನೆ ಸದಸ್ಯರಾಗಿದ್ದರೆ ಗೌರವದ ಪಟ್ಟಿಯಲ್ಲಿ ಒಂದು ಸಾಲು ಸಾಕು. ಸೊಸೈಟಿಯ ಮೂಲಕ ಕಿರಿಯರಿಗೆ ಗಣಿತ ಹೇಳಿಕೊಟ್ಟಿದ್ದರೆ ಆ ಪಾಠವನ್ನೇ ಚಟುವಟಿಕೆಯಾಗಿ ಬರೆಯಬೇಕು. ‘ಸದಸ್ಯ, ಸಮಾಜಸೇವೆ ಮಾಡಿದ್ದೇನೆ’ ಎಂದರೆ ಓದುವವರಿಗೆ ಏನೂ ತಿಳಿಯದು. ‘9ನೇ ತರಗತಿಯ 6 ಮಂದಿಗೆ ಬೀಜಗಣಿತ ಪಾಠ, ವೇಳಾಪಟ್ಟಿ ನನ್ನದೇ, ಹೊಸ ಬೋಧಕರಿಗೆ ತರಬೇತಿ’ ಎಂದರೆ ಕೆಲಸ ಕಣ್ಣಿಗೆ ಕಾಣುತ್ತದೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದಕ್ಕೆ ಬೇರೆ ಅಂಕಣಗಳಿವೆ; ಅದನ್ನೇ ವಿವರಣೆಯಲ್ಲಿ ತುರುಕಬೇಡಿ. ಕನ್ನಡ ಕೂಟದ ವಾರಾಂತ್ಯದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವುದೂ ಇಷ್ಟೇ ತೂಕದ ಕೆಲಸ. ನಮ್ಮ ಮಕ್ಕಳು ಅದನ್ನು ಮನೆಯ ವಿಷಯವೆಂದು ಬಿಟ್ಟುಬಿಡುತ್ತಾರೆ, ಬಿಡಬಾರದು.

ಸೊಸೈಟಿ ಸೇರುವ ಹೊತ್ತೂ ಮುಖ್ಯ. 12ನೇ ತರಗತಿಯ ಶರತ್ಕಾಲದಲ್ಲಿ ಸೇರಿದವರಿಗೆ ನವೆಂಬರ್ 1ರ ಆಸುಪಾಸಿನ ಕಾಲೇಜು ಅರ್ಜಿಯ ಮೊದಲ ಗಡುವಿನೊಳಗೆ ತೋರಿಸಲು ಕೆಲಸವೇ ಇರುವುದಿಲ್ಲ. ಆಸಕ್ತಿಯಿದ್ದರೆ 10 ಅಥವಾ 11ನೇ ತರಗತಿಯಲ್ಲೇ ಸೇರಿ ಒಂದು ಹೊಣೆ ಹೊರುವುದು ಲೇಸು. 12ನೇ ತರಗತಿಯ ಸದಸ್ಯರಿಗಷ್ಟೇ ಮೀಸಲಾದ ವಿದ್ಯಾರ್ಥಿವೇತನವೂ ಇದೆ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು.

ಮನೆಗೆ ಅಂಚೆಯಲ್ಲಿ ಬರುವ ‘ನಿಮ್ಮ ಮಗು ಆಯ್ಕೆಯಾಗಿದೆ’ ಎಂಬ ಪತ್ರಗಳ ವಿಷಯದಲ್ಲಿ ಎಚ್ಚರ ಬೇಕು. ನ್ಯಾಷನಲ್ ಆನರ್ ಸೊಸೈಟಿಗೆ ಆಯ್ಕೆ ನಡೆಯುವುದು ಮಗು ಓದುವ ಶಾಲೆಯಲ್ಲೇ. ಸದಸ್ಯರಿಂದ ಶಾಲಾ ಘಟಕ ಪಡೆಯುವ ವಾರ್ಷಿಕ ಶುಲ್ಕ 20 ಡಾಲರ್ ಮೀರುವಂತಿಲ್ಲ. ಹೆಸರು ಹೋಲುವ ಖಾಸಗಿ ಸಂಸ್ಥೆಗಳು ಅದಕ್ಕಿಂತ ಹೆಚ್ಚು ಹಣ ಕೇಳುತ್ತವೆ. ಕಟ್ಟುವ ಮೊದಲು ಶಾಲೆಯ ಕೌನ್ಸೆಲರ್‌ಗೆ ಆ ಪತ್ರ ತೋರಿಸಿ.

ಇತಿ,
ಕಾಲೇಜು ಪ್ರವೇಶ ಸಲಹೆಗಾರ್ತಿ, ನ್ಯೂಜೆರ್ಸಿ