ಐದು ದೇಶ ಬೇಡ, ಎರಡು ಸಾಕು

ಬದಿಯಡ್ಕ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಮೂರು ವಾರದಲ್ಲಿ ಥೈಲ್ಯಾಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಮಲೇಷ್ಯಾ. ಕೆಳಗೆ, ಖರ್ಚು ಆದಷ್ಟು ಕಡಿಮೆ ಆಗಬೇಕು ಅಂತ ಬೇರೆ! ಇವೆರಡೂ ಒಟ್ಟಿಗೆ ಆಗುವುದಿಲ್ಲ ಮಾರಾಯ. ಆ ಕಡೆ ಉಳಿದುಕೊಳ್ಳುವುದು ಅಗ್ಗ, ಓಡುವುದು ದುಬಾರಿ.

ನಮಗೆ ಗಡಿ ಅಂದರೆ ಕೇರಳ, ಕರ್ನಾಟಕ ಸೇರುವ ತಲಪಾಡಿ. ಒಂದು ಬಸ್ಸು ಇಳಿದು ಇನ್ನೊಂದು ಹತ್ತಿದರೆ ಮುಗಿಯಿತು. ಅಲ್ಲಿ ಹಾಗಲ್ಲ. ವಿಯೆಟ್ನಾಮಿನ ಇ-ವೀಸಾಕ್ಕೆ 25 ಡಾಲರ್, ಕಾಂಬೋಡಿಯಾದ ವೀಸಾಕ್ಕೆ 30. ಅದರ ಮೇಲೆ ಗಡಿಯವರೆಗಿನ ಬಸ್ಸು, ಟುಕ್‌ಟುಕ್ ಅನ್ನುವ ಅಲ್ಲಿನ ಆಟೋ, ‘ನಾನು ಮಾಡಿಸಿಕೊಡುತ್ತೇನೆ’ ಎಂದು ಹಿಂದೆ ಬೀಳುವ ದಲ್ಲಾಳಿ. ಒಂದು ದಿನವೂ ಹೋಯಿತು. ಥೈಲ್ಯಾಂಡ್ ಮತ್ತು ಕಾಂಬೋಡಿಯಾ ನಡುವೆ 2025ರ ಜುಲೈಯಲ್ಲಿ ಗುಂಡು ಹಾರಿದೆ. ಆ ನೆಲದ ದಾರಿಯನ್ನು ನಂಬಿ ಟಿಕೆಟ್ ಮಾಡಬೇಡ. ಕಾಂಬೋಡಿಯಾದ ಹಳೆಯ ದೇವಸ್ಥಾನಗಳ ಅಂಗ್ಕೋರ್ ಇನ್ನೊಮ್ಮೆ ನೋಡು. ಅಲ್ಲಿನ ಪಾಸೇ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಓಡಿ ನೋಡುವ ಜಾಗವಲ್ಲ ಅದು.

ನಾನಾದರೆ ಥೈಲ್ಯಾಂಡ್, ಲಾವೋಸ್ ಎರಡನ್ನೇ ಹಿಡಿಯುತ್ತೇನೆ. ಕೊಚ್ಚಿಯಿಂದ ಬ್ಯಾಂಕಾಕ್‌ಗೆ ಹೋಗಿ ಬರುವ ಟಿಕೆಟ್ ಮಾಡು. ಬ್ಯಾಂಕಾಕ್‌ನಿಂದ ಗಡಿಯ ಊರು ನೊಂಗ್ ಖಾಯ್‌ಗೆ ರಾತ್ರಿ ರೈಲು ಇದೆ. ಮಲಗಿಕೊಂಡು ಹೋಗಬಹುದು, ಒಂದು ರಾತ್ರಿಯ ಲಾಡ್ಜಿನ ದುಡ್ಡು ಉಳಿಯಿತು. ಅಲ್ಲಿ ಮೆಕಾಂಗ್ ನದಿಗೆ 1994ರಲ್ಲಿ ಆದ ಸೇತುವೆ. ದಾಟಿದರೆ ಲಾವೋಸ್, ಅದರ ರಾಜಧಾನಿ ವಿಯೆಂಟಿಯಾನ್ ಹತ್ತಿರವೇ. ಅಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ಮೊದಲೆಲ್ಲ ಗುಡ್ಡ ಸುತ್ತುವ ಬಸ್ಸು. 2021ರ ಡಿಸೆಂಬರಿನಲ್ಲಿ ಚೀನಾದವರ ರೈಲು ಶುರುವಾಯಿತು, ಈಗ ಎರಡು ತಾಸಿನ ಮಾತು. ಲುವಾಂಗ್ ಪ್ರಬಾಂಗ್‌ನಲ್ಲಿ ಒಂದು ವಾರ ಸುಮ್ನೆ ಕೂತುಕೋ. ಒಂದೇ ಕಡೆ ವಾರ ಇದ್ದರೆ ಲಾಡ್ಜಿನವರೂ ಕಡಿಮೆ ಮಾಡುತ್ತಾರೆ. ಬೆಳಗಿನ ಜಾವ ಬೌದ್ಧ ಭಿಕ್ಷುಗಳು ಭಿಕ್ಷೆಗೆ ಸಾಲಾಗಿ ಬರುತ್ತಾರೆ. ರಸ್ತೆಯ ಆಚೆ ಬದಿ ನಿಂತು ನೋಡು, ಮುಖದ ಹತ್ತಿರ ಮೊಬೈಲು ಹಿಡಿಯಬೇಡ.

ಬರುವಾಗ ಅದೇ ದಾರಿ ಬೇಡ. ನದಿಯ ಮೇಲೆ ಗಡಿಯ ಊರು ಹುವೇಸಾಯ್‌ಗೆ ನಿಧಾನದ ದೋಣಿ ಇದೆ, ಎರಡು ದಿನ, ನಡುವೆ ಪಾಕ್‌ಬೆಂಗ್‌ನಲ್ಲಿ ರಾತ್ರಿ. ಹುವೇಸಾಯ್‌ನಿಂದ ಸೇತುವೆ ದಾಟಿದರೆ ಮತ್ತೆ ಥೈಲ್ಯಾಂಡ್. ಚಿಯಾಂಗ್ ಮಾಯ್‌ಗೆ ಹೋಗಿ ರೈಲು ಹತ್ತಿದರೆ ಬ್ಯಾಂಕಾಕ್.

ಏಪ್ರಿಲಿನಲ್ಲಿ ಹೊರಡುವುದನ್ನು ಮಾತ್ರ ಬಿಡು. ಮಾರ್ಚ್, ಏಪ್ರಿಲಿನಲ್ಲಿ ಆ ಗುಡ್ಡಗಳಲ್ಲಿ ಬೇಸಾಯಕ್ಕೆಂದು ಬೆಂಕಿ ಹಾಕುತ್ತಾರೆ, ಊರಿಡೀ ಹೊಗೆ. ನಿನಗೆ ಮೊದಲೇ ಉಬ್ಬಸ. ಡಿಸೆಂಬರಿಗೆ ತಳ್ಳು.

ಬಾಡಿಗೆ ಬೈಕಿನ ಬಗ್ಗೆ ಕೇಳಿದ್ದೀಯಲ್ಲ. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೋ. ನಿನ್ನ ಲೈಸೆನ್ಸ್ ಬರೀ ಕಾರಿನದ್ದಾದರೆ ಬೈಕು ಮುಟ್ಟಬೇಡ, ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಪಾಸ್‌ಪೋರ್ಟ್ ಅಡವಿಡು ಅಂದರೆ ಬೇರೆ ಅಂಗಡಿಗೆ ಹೋಗು. ಬೈಕಿನ ಗೀರುಗಳ ಫೋಟೋ ಮೊದಲೇ ತೆಗೆದಿಡು.

ಲಾವೋಸ್‌ನಲ್ಲಿ ಕಾಡುದಾರಿ ಹುಡುಕುವ ಹುಚ್ಚು ಬೇಡ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಅಲ್ಲಿ 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬು ಹಾಕಿವೆ. ಸಿಡಿಯದೆ ಉಳಿದವು ಈಗಲೂ ಮಣ್ಣಲ್ಲಿವೆ, ಗದ್ದೆ ಅಗೆಯುವವರೇ ಸಾಯುತ್ತಾರೆ. ಫೋನ್‌ಸವನ್ ಹತ್ತಿರದ ಕಲ್ಲಿನ ಹಂಡೆಗಳ ಬಯಲಿಗೆ ಹೋದರೆ ನೆಲದಲ್ಲಿ ಕೆಂಪು, ಬಿಳಿ ಗುರುತು ಇರುತ್ತದೆ. ಬಿಳಿ ಇರುವ ಬದಿಯಲ್ಲೇ ನಡೆ.

ಊಟಕ್ಕೆ ಸಂತೆ ಸಾಕು. ನಿನಗೆ ಮೀನು ಆಗದು, ಅವರ ಪಪ್ಪಾಯಿ ಸಲಾಡಿನಲ್ಲೂ ಹುಳಿಸಿದ ಮೀನು ಇರುತ್ತದೆ, ಕೇಳಿ ತಿನ್ನು. ಥೈಲ್ಯಾಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಮೀನು, ಮಾಂಸ ಇಲ್ಲ. ಎಟಿಎಂನಲ್ಲಿ ಪ್ರತಿ ಸಲಕ್ಕೂ 200 ಬಾತ್‌ಗಿಂತ ಜಾಸ್ತಿ ಹಿಡಿಯುತ್ತಾರೆ, ಹಾಗಾಗಿ ಒಂದೇ ಸಲ ತೆಗೆ. ಟುಕ್‌ಟುಕ್‌ನವನ ಹತ್ತಿರ ಹತ್ತುವ ಮೊದಲೇ ಮಾತಾಡು. ಆದರೆ ಬಾಳೆಹಣ್ಣು ಮಾರುವ ಅಜ್ಜಿಯ ಹತ್ತಿರ ಚೌಕಾಸಿ ಮಾಡಿ ಉಳಿಸಿದ್ದನ್ನು ನನ್ನೆದುರು ಹೇಳಬೇಡ.

ಟಿಕೆಟ್ ಮಾಡುವ ಮೊದಲು ಅಕ್ಕನಿಗೆ, ಅಂದರೆ ನಿನ್ನ ಅಮ್ಮನಿಗೆ, ನೀನೇ ಹೇಳು, ನನ್ನ ಬಾಯಿಂದ ಬೇಡ. ಅಲ್ಲಿನ ಮುದುಕರೂ ವೀಳ್ಯದೆಲೆ ಅಡಿಕೆ ಜಗಿಯುತ್ತಾರೆ. ಸಂತೆಯಲ್ಲಿ ಅಡಿಕೆ ಕಂಡರೆ ಕಿಲೋಗೆ ಎಷ್ಟು ಅಂತ ಕೇಳಿಕೊಂಡು ಬಾ.

ಇತಿ,
ನಿನ್ನ ಮಾವ