ಅಂತ್ಯಕಾಲದ ಹಳೆಯ ಲೆಕ್ಕ

ಮಾನ್ಯರೇ,

ಹವಾಮಾನ, ಅಣ್ವಸ್ತ್ರಗಳ ಕುರಿತ ಸುದ್ದಿಗಳಲ್ಲಿ ಬರುವ ‘ಅಂತ್ಯ ಸಮೀಪಿಸಿದೆ’ ಎಂಬ ದನಿ ಬೈಬಲ್ಲಿನ ದಾನಿಯೇಲ ಮತ್ತು ಪ್ರಕಟನೆ ಗ್ರಂಥಗಳಷ್ಟು ಹಳೆಯದು. ಮನುಷ್ಯನ ಪಾಪ, ಮುನ್ಸೂಚನೆ, ಮಹಾವಿನಾಶ, ಬದುಕುಳಿಯುವ ಕೆಲವರು: ಚೌಕಟ್ಟು ಅದೇ.

ಅಮೆರಿಕದ ಧರ್ಮಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಓದಿ, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತ ಮರಳಿ ಬಂದು ಲೋಕ ಕೊನೆಗೊಳ್ಳುವ ವರ್ಷ 1843 ಎಂದರು. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆ ವರ್ಷವಿಲ್ಲ. ಅದನ್ನು ಸರಿಪಡಿಸಿದಾಗ ಲೆಕ್ಕ 1844ಕ್ಕೆ ಜಾರಿತು. ಅಕ್ಟೋಬರ್ 22ರಂದು ಅನುಯಾಯಿಗಳು ಕಾದರು, ಏನೂ ಆಗಲಿಲ್ಲ. ಕೂಡಿಸಿ ಕಳೆದದ್ದರಲ್ಲಿ ಅಲ್ಲ, ದಿನವನ್ನು ವರ್ಷವೆಂದು ಹಿಡಿದದ್ದರಲ್ಲೇ ಎಡವಟ್ಟಿತ್ತು.

ಪರಮಾಣು ವಿಜ್ಞಾನಿಗಳ ಪತ್ರಿಕೆ 1947ರಲ್ಲಿ ಮುದ್ರಿಸಿದ ಸಾಂಕೇತಿಕ ಗಡಿಯಾರದಲ್ಲಿ ಮಧ್ಯರಾತ್ರಿಯೆಂದರೆ ಮಹಾವಿನಾಶ; ಆಗ ಅದು ಮಧ್ಯರಾತ್ರಿಗೆ 7 ನಿಮಿಷ ಬಾಕಿ ಎಂದು ತೋರಿಸಿತ್ತು. ಮತ್ತಾಯನ ಸುವಾರ್ತೆಯ ದೃಷ್ಟಾಂತ ಕಥೆಯಲ್ಲಿ ಕ್ರಿಸ್ತನ ಮರುಬರವನ್ನು ಸೂಚಿಸುವ ಮದುಮಗ ಬರುವುದೂ ನಡುರಾತ್ರಿಯಲ್ಲೇ. ಆದರೆ ಈ ಮುಳ್ಳು ಹಿಂದಕ್ಕೂ ಸರಿಯುತ್ತದೆ: ಅಸ್ತ್ರ ಕಡಿತದ ಒಪ್ಪಂದವಾದ 1991ರಲ್ಲಿ ಅದು 17 ನಿಮಿಷಕ್ಕೆ ಹೋಯಿತು. ಮಿಲ್ಲರ್ ಲೆಕ್ಕದಲ್ಲಿ ಮನುಷ್ಯಪ್ರಯತ್ನಕ್ಕೆ ಇಂಥ ಜಾಗವೇ ಇರಲಿಲ್ಲ.

ಬೇರು ಧರ್ಮದಲ್ಲಿದೆ ಎಂದ ಮಾತ್ರಕ್ಕೆ ಅಪಾಯ ಸುಳ್ಳಾಗದು. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು 2030ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ ಸುಮಾರು ಶೇ 45 ಇಳಿಯಬೇಕೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2018ರ ವರದಿ ಹೇಳಿತ್ತು. ಸುದ್ದಿಯ ತಲೆಬರಹಗಳಲ್ಲಿ ಅದು ‘ಇನ್ನು 12 ವರ್ಷ ಮಾತ್ರ’ ಎಂದಾಯಿತು. ದಯವಿಟ್ಟು ಗಡುವಿನ ಬದಲು ಆ ಶೇ 45ನ್ನೇ ತಲೆಬರಹಕ್ಕೆ ತನ್ನಿ.

– ಓದುಗ