ಡಿಸ್ಕ್ ತುಂಬಿದ್ದು ಯಾಕೆ ಅಂತ ಗೊತ್ತಾಯ್ತು
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಸರ್ವರ್ ನಿಂತಿದ್ದು ಲಾಗ್ ಫೈಲಿನಿಂದಲೇ. ಲಾಗ್ ಫೈಲ್‌ಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್ ಪ್ರೋಗ್ರಾಂ ಹಳೆ ಫೈಲಿನ ಹೆಸರು ಬದಲಿಸಿ, ಜಿಜಿಪ್ ಮಾಡಿ (ಕುಗ್ಗಿಸಿ), ಮೂಲ ಅಳಿಸಿತ್ತು. ಆದರೆ ನಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ಯಾರೂ ಹೇಳಿರಲಿಲ್ಲ! ಅದು ಸುಮ್ನೆ ಅಳಿಸಿದ ಫೈಲಿಗೇ ಬರೆಯುತ್ತಾ ಕೂತಿತ್ತು, ಫೈಲ್ ತೆರೆದೇ ಇದ್ದಿದ್ದರಿಂದ ಜಾಗ ಬಿಡುಗಡೆ ಆಗಲಿಲ್ಲ. ಕಾಣುವ ಫೈಲ್‌ಗಳ ಗಾತ್ರ ಕೂಡುವ ಡಿಯು ಕಮಾಂಡ್ ಪ್ರಕಾರ ಜಾಗ ಇದೆ, ಇಡೀ ಡಿಸ್ಕಿನ ಬಳಕೆ ಹೇಳುವ ಡಿಎಫ್ ಪ್ರಕಾರ 100% ತುಂಬಿದೆ. ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಓಡಿಸಿದಾಗ 'ಡಿಲೀಟೆಡ್' ಅಂತ ಕಂಡಿತು.

ಫೈಲ್ ಬದಲಾದ ಮೇಲೆ ಓಡುವ ಪೋಸ್ಟ್‌ರೊಟೇಟ್ ಭಾಗದಲ್ಲಿ, ಲಾಗ್ ಫೈಲನ್ನು ಮತ್ತೆ ತೆರೆ ಅಂತ ಎಂಜಿನ್‌ಎಕ್ಸ್‌ಗೆ ಹೇಳುವ ಯುಎಸ್‌ಆರ್1 ಸಿಗ್ನಲ್ ಕಳಿಸುವ ಸಾಲನ್ನು ಟೆಸ್ಟ್ ಮಾಡುವಾಗ ನಾನೇ ಕಮೆಂಟ್ ಮಾಡಿ (ಓಡದಂತೆ ಮಾಡಿ) ಮರೆತಿದ್ದೆ. ತಪ್ಪು ನನ್ನದೇ. ಈಗ ಸರಿಮಾಡಿದ್ದೇನೆ, ಜೊತೆಗೆ ಕುಗ್ಗಿಸುವುದನ್ನು ಒಂದು ಸರದಿ ಮುಂದೂಡುವ ಡಿಲೇಕಂಪ್ರೆಸ್ ಕೂಡ ಹಾಕಿದ್ದೇನೆ. ಹಾಗಾಗಿ ಈಗಷ್ಟೇ ಬದಲಾದ '.1' ಫೈಲ್ ಜಿಜಿಪ್ ಆಗಿಲ್ಲ ಅಂತ ಗಾಬರಿ ಬೇಡ, ಮುಂದಿನ ಸರದಿಗೆ ಆಗುತ್ತೆ.

ಕಾನ್ಫಿಗ್ ಮುಟ್ಟುವವರು ಮೊದಲು ಲಾಗ್‌ರೊಟೇಟ್‌ಗೆ '-ಡಿ' ಕೊಟ್ಟು ನೋಡಿ. ಏನು ಮಾಡಲಿದೆ ಅಂತ ತೋರಿಸುತ್ತೆ, ಫೈಲ್ ಮುಟ್ಟಲ್ಲ.